ಮಗ ಹೊತ್ತು ತಿರುಗುವ ಅಪ್ಪನ ಗಂಟು

ಕಾಫಿ ಗಿಡಕ್ಕೆ ಹತ್ತುವ ಹಿಟ್ಟು ತಿಗಣೆಯನ್ನು ಕೊಲ್ಲಲು ಅಪ್ಪ ಪ್ರತಿ ಬೇಸಿಗೆಯಲ್ಲೂ ಹೆಣಗುತ್ತಿದ್ದರು. ನಾನು ಬೆಂಗಳೂರಿಗೆ ಬಂದು ಪ್ರಯೋಗಾಲಯದಲ್ಲಿ ಅದನ್ನೇ ಸಾಕತೊಡಗಿದೆ. "ಸಂಬಳ ಕೊಟ್ಟು ಸಾಕಿಸುತ್ತಾರೇನೋ?" ಎಂದು ಅವರು ಫೋನಿನಲ್ಲಿ ಕೇಳಿದಾಗ ಹೌದು ಎನ್ನಲು ನಾಚಿಕೆಯಾಯಿತು.

ಪ್ಲಾನೊಕಾಕಸ್ ಸಿಟ್ರಿ ಎಂಬ ಈ ತಿಗಣೆಗೆ ಹತ್ತೇ ವರ್ಣತಂತುಗಳು. ಐದು ತಾಯಿಯವು, ಐದು ತಂದೆಯವು. ಗಂಡು ಹೆಣ್ಣು ನಿರ್ಧರಿಸುವ ಪ್ರತ್ಯೇಕ ವರ್ಣತಂತು ಇಲ್ಲ. ಹೆಣ್ಣಿನಲ್ಲಿ ಹತ್ತೂ ಕೆಲಸ ಮಾಡುತ್ತವೆ. ಗಂಡಾಗುವ ಭ್ರೂಣದಲ್ಲಿ ಮಾತ್ರ, ಇನ್ನೂ ಎಳೆಯದಿರುವಾಗಲೇ, ತಂದೆಯಿಂದ ಬಂದ ಐದೂ ಮುದುಡಿ ಒಂದೇ ಗಂಟಾಗಿ ಬಾಯಿ ಮುಚ್ಚಿಕೊಳ್ಳುತ್ತವೆ. ಅವನು ವೀರ್ಯಾಣು ಮಾಡುವಾಗ ತಾಯಿಯ ಐದು ಮಾತ್ರ ಮುಂದಕ್ಕೆ ಹೋಗುತ್ತವೆ, ಗಂಟು ಅಲ್ಲೇ ನಾಶವಾಗುತ್ತದೆ. 1961ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳಾದ ಸ್ಪೆನ್ಸರ್ ಬ್ರೌನ್ ಮತ್ತು ನೆಲ್ಸನ್-ರೀಸ್ ಗಂಡು ತಿಗಣೆಗಳಿಗೆ ಎಕ್ಸ್-ಕಿರಣ ಹಾಯಿಸಿದ ಪ್ರಯೋಗವನ್ನು ಪ್ರಕಟಿಸಿದರು. ಹೆಣ್ಣು ಮರಿಗಳು ಸತ್ತವು, ಗಂಡು ಮರಿಗಳು ಬದುಕಿದವು. ಅಪ್ಪನ ವರ್ಣತಂತು ಹಾಳಾಗಿದ್ದರೂ ಮಗನಿಗೆ ಅದರ ಗೊಡವೆ ಅಷ್ಟಾಗಿಲ್ಲ! ಬ್ರೌನ್ ಅವರೊಂದಿಗೆ ಈ ವಿಷಯವಾಗಿ ಬರೆದ ಎಚ್. ಶರತ್ ಚಂದ್ರ ಮುಂದೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಆದ್ದರಿಂದ ಬೆಂಗಳೂರಿಗೆ ಈ ಕೀಟ ಹೊಸಬನಲ್ಲ.

ಗಂಟಿನ ಗುರುತು ಇರುವುದು ವರ್ಣತಂತುವಿನ ಡಿಎನ್‌ಎ ಯಾವುದಕ್ಕೆ ಸುತ್ತಿಕೊಂಡಿದೆಯೋ ಆ ಹಿಸ್ಟೋನ್ ಪ್ರೋಟೀನಿನ ಮೇಲೆ. ಎಚ್3 ಹಿಸ್ಟೋನಿನ ಬಾಲದ 9ನೆಯ ಸ್ಥಾನದಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಮೂರು ಅಂಟಿದರೆ, ಅದನ್ನು ಹಿಡಿದುಕೊಳ್ಳುವ ಬೇರೆ ಪ್ರೋಟೀನುಗಳು ಬಂದು ಸುತ್ತಲಿನದನ್ನೆಲ್ಲ ಬಿಗಿಯಾಗಿ ಮಡಚುತ್ತವೆ. ಡಿಎನ್‌ಎ ಅಕ್ಷರ ಒಂದೂ ಬದಲಾಗುವುದಿಲ್ಲ. ಈ ಗುರುತಿಗೆ ಹೋಗಿ ಅಂಟಿ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುವ ಪ್ರತಿಕಾಯ ಹಾಕಿ ಅದನ್ನು ಕಣ್ಣಾರೆ ನೋಡುವುದು ನನ್ನ ಕೆಲಸವಾಗಿತ್ತು.

ಮೊದಲು ಸಾಕಣೆ. ತಿಗಣೆಗೆ ಮೇವಾಗಿ ತೊಟ್ಟು ಮುರಿಯದ, ಗೀರು ಬೀಳದ ಸಿಹಿಕುಂಬಳ ಬೇಕು. ತೊಟ್ಟು ಮುರಿದದ್ದು ಬೇಗ ಕೊಳೆಯುತ್ತದೆ. ಮೊದಲ ವರ್ಷ ಒಂದು ಡಬ್ಬಿಯಲ್ಲಿ ದಷ್ಟಪುಷ್ಟವಾದ ತಿಗಣೆಗಳು ಕಂಡವು. ಹಿಗ್ಗಿ ಚಿತ್ರ ತೆಗೆದು ಅಪ್ಪನಿಗೆ ಕಳಿಸಿದೆ. "ಅದು ತಿಗಣೆಯಲ್ಲ, ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿ. ನಾವು ದುಡ್ಡು ಕೊಟ್ಟು ತಂದು ತೋಟಕ್ಕೆ ಬಿಡುತ್ತೇವೆ" ಎಂದರು. ಮೈಮೇಲೆ ಅದೇ ಬಿಳಿ ಮೇಣ ಹೊದ್ದುಕೊಂಡು ಕೂತಿತ್ತು, ಕಳ್ಳ. ಆ ಕುಂಬಳದ ಮೇಲೆ ಮೂರು ತಿಗಣೆ ಉಳಿದಿದ್ದವು.

ಅದಕ್ಕಿಂತ ದೊಡ್ಡ ಪೆಟ್ಟು ಸ್ಲೈಡಿನಲ್ಲಿ ಬಿತ್ತು. ವರ್ಣತಂತು ನೋಡುವವರ ಹಳೆಯ ಪದ್ಧತಿಯಂತೆ ಭ್ರೂಣಗಳನ್ನು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಇಟ್ಟೆ. ವರ್ಣತಂತುಗಳು ಅಚ್ಚು ಹಾಕಿದಂತೆ ಬಂದವು. ಪ್ರತಿಕಾಯದ ಹಸಿರು ಮಾತ್ರ ಒಂದಿಷ್ಟೂ ಇಲ್ಲ. ನಾಲ್ಕು ತಿಂಗಳು ಪ್ರತಿಕಾಯವನ್ನೇ ಬೈದೆ. ಆಮೇಲೆ ಹೊಳೆಯಿತು: ಜೀವಕೋಶದಿಂದ ಹಿಸ್ಟೋನನ್ನು ಬೇರ್ಪಡಿಸುವವರು ಬಳಸುವುದೇ ಆಮ್ಲವನ್ನು. ನೋಡಬೇಕಾದದ್ದನ್ನು ನಾನೇ ತೊಳೆದು ಚೆಲ್ಲುತ್ತಿದ್ದೆ. ಮೊದಲು ಫಾರ್ಮಾಲ್ಡಿಹೈಡ್‌ನಿಂದ ಪ್ರೋಟೀನುಗಳನ್ನು ಕಟ್ಟಿಹಾಕಿ, ಆಮೇಲೆ ಕೆಲವೇ ನಿಮಿಷ ಆಮ್ಲ ತಾಕಿಸಿ, ಹೆಬ್ಬೆರಳಿನಿಂದ ಕವರ್‌ಸ್ಲಿಪ್ ಒತ್ತಿ, ದ್ರವ ಸಾರಜನಕದಲ್ಲಿ ಅದ್ದಿ ಬ್ಲೇಡಿನಿಂದ ಅದನ್ನು ಚಿಮ್ಮಿಸಿದೆ.

ಆ ಸ್ಲೈಡಿನಲ್ಲಿ ಡಿಎನ್‌ಎಗೆ ಹತ್ತುವ ನೀಲಿ ಬಣ್ಣದಲ್ಲಿ ಪ್ರತಿ ಕೋಶಕೇಂದ್ರದ ಒಂದು ಮೂಲೆಗೆ ಸಾಸಿವೆಯಂತೆ ಒಂದು ಗಂಟು ಹೊಳೆಯುತ್ತಿತ್ತು. ಗಂಡು ಭ್ರೂಣ ಎಂಬುದಕ್ಕೆ ಅದೇ ಗುರುತು. ಫಿಲ್ಟರ್ ತಿರುಗಿಸಿದೆ. ಉಳಿದೆಲ್ಲ ಕತ್ತಲಾಗಿ ಗಂಟುಗಳಷ್ಟೇ ಹಸಿರಾಗಿ ಉಳಿದವು. ಪಕ್ಕದ ಹೆಣ್ಣು ಭ್ರೂಣದಲ್ಲಿ ಅಲ್ಲಲ್ಲಿ ಮಸುಕು ಚುಕ್ಕೆ, ಅಷ್ಟೇ. ಆದರೂ ನಂಬಲಿಲ್ಲ. 9ನೆಯ ಮತ್ತು 27ನೆಯ ಲೈಸಿನ್‌ಗಳ ಸುತ್ತ, ಅವೂ ಸೇರಿ, ಒಂದೇ ಬಗೆಯ ನಾಲ್ಕು ಅಮೈನೋ ಆಮ್ಲಗಳಿರುವುದರಿಂದ ಪ್ರತಿಕಾಯ ಒಂದರ ಬದಲು ಇನ್ನೊಂದನ್ನು ಹಿಡಿದು ಮೋಸ ಮಾಡಬಹುದು. ಮಿಥೈಲ್ ಅಂಟಿದ ಈ ಎರಡೂ ಜಾಗಗಳ ಹಿಸ್ಟೋನ್ ತುಣುಕುಗಳನ್ನು ಪ್ರತಿಕಾಯಕ್ಕೆ ಬೇರೆ ಬೇರೆಯಾಗಿ ಬೆರೆಸಿ ನೋಡಿದೆ. 9ರದ್ದು ಬೆರೆಸಿದಾಗ ಮಾತ್ರ ಹಸಿರು ಆರಿತು. ಈ ಪರೀಕ್ಷೆ ಮಾಡದ ಚಿತ್ರ ಎಷ್ಟೇ ಚೆಂದವಿರಲಿ, ನಾನು ನಂಬುವುದಿಲ್ಲ.

ಕಳೆದ ವಾರ ಗಂಡಿನ ಕರುಳನ್ನು ಹರಡಿದಾಗ ಕೆಲವು ಕೋಶಗಳಲ್ಲಿ ಗಂಟೇ ಸಿಗಲಿಲ್ಲ. ಸಂಜೆಯೆಲ್ಲ ಸ್ಲೈಡನ್ನು ಸಂಶಯಿಸಿದೆ. ಅದೇ ಸ್ಲೈಡಿನ ಬೇರೆ ಕೋಶಗಳಲ್ಲಿ ಗಂಟು ಹಾಗೇ ಇತ್ತು. ಗಂಡಿನ ಕೆಲವು ಅಂಗಾಂಶಗಳಲ್ಲಿ ಅಪ್ಪನ ವರ್ಣತಂತುಗಳು ಮತ್ತೆ ಬಿಚ್ಚಿಕೊಳ್ಳುತ್ತವೆ ಎಂದು ವಿಜ್ಞಾನಿ ಉಜಿ ನೂರ್ 1967ರಲ್ಲೇ ಬರೆದಿದ್ದರು. ಮೊದಲು ಮಿಥೈಲ್ ಕಳಚುತ್ತದೆಯೋ, ಗಂಟು ಸಡಿಲುತ್ತದೆಯೋ ಎಂಬುದು ಈಗ ನನ್ನ ತಲೆ ತಿನ್ನುತ್ತಿದೆ. ನಾಳೆ ಇನ್ನೂ ಎರಡು ಕುಂಬಳಕಾಯಿ ತರಬೇಕು.