ಕುತ್ತಿಗೆ ಆಪರೇಷನ್‌ಗೆ ಮೊದಲು ಮನೆಯಲ್ಲಿ ನಾನು ಮಾಡಿಕೊಂಡ ತಯಾರಿ

ಸೂಜಿಗೆ ದಾರ ಪೋಣಿಸಲು ಆಗದೇ ಹೋದಾಗ ಕಣ್ಣಿನ ತೊಂದರೆ ಇರಬೇಕು ಅಂದುಕೊಂಡೆ. ಕನ್ನಡಕ ಬದಲಿಸಿದೆ. ಆಮೇಲೆ ಬ್ಲೌಸಿಗೆ ಹುಕ್ ಹಚ್ಚುವಾಗ ಹುಕ್ಕು ಬೆರಳಿನಿಂದ ಜಾರಿ ಬೀಳತೊಡಗಿತು. ನಡೆಯುವಾಗ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಕಲಬುರಗಿಯಲ್ಲಿ 22 ವರ್ಷದಿಂದ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ತಲೆ ಬಗ್ಗಿಸಿ ಕೂರುವವರಿಗೆ ಕುತ್ತಿಗೆ ನೋವು ಹೊಸದಲ್ಲ, ಅಲ್ವಾ? ಅದಕ್ಕೇ ಯಾರೋ ಹೇಳಿದರೆಂದು ಕುತ್ತಿಗೆ ತಿರುಗಿಸಿ ಸರಿ ಮಾಡುವವರ ಹತ್ತಿರ ಹೋದೆ. ಅಲ್ಲಿಂದ ಬಂದ ಮೇಲೆ ಕೈ ಜೋಮು ಇನ್ನೂ ಜಾಸ್ತಿ ಆಯಿತು. ಕೈಕಾಲಿನ ಹಿಡಿತ ತಪ್ಪುತ್ತಿದ್ದರೆ ದಯವಿಟ್ಟು ಯಾರ ಕೈಗೂ ಕುತ್ತಿಗೆ ಕೊಡಬೇಡಿ. ಮೊದಲು ಎಂಆರ್‌ಐ ಆಗಲಿ.

ನನ್ನ ಎಂಆರ್‌ಐ ನೋಡಿ ಡಾಕ್ಟರ್ ಬಿಡಿಸಿ ಹೇಳಿದರು. ಕುತ್ತಿಗೆಯಲ್ಲಿ 7 ಮೂಳೆಗಳಿವೆ. ಅದರಲ್ಲಿ 5 ಮತ್ತು 6ನೆಯದರ ನಡುವಿನ ಮೆತ್ತನೆ ಬಿಲ್ಲೆ, ಅಂದರೆ ಡಿಸ್ಕ್, ಹಿಂದಕ್ಕೆ ಸರಿದು ನರಹುರಿಯನ್ನೇ (ಬೆನ್ನುಹುರಿ) ಒತ್ತುತ್ತಿತ್ತು. ಕುತ್ತಿಗೆಯ ಮುಂಭಾಗದಿಂದ ಹೋಗಿ ಆ ಡಿಸ್ಕ್ ತೆಗೆದು, ಆ ಜಾಗ ತುಂಬಲು ಕೇಜ್ ಅನ್ನುವ ಒಂದು ಚಿಕ್ಕ ಗಟ್ಟಿ ತುಂಡು ಇಟ್ಟು, ಪ್ಲೇಟು ಸ್ಕ್ರೂ ಹಾಕುತ್ತಾರೆ. ಮುಂದೆ ತಿಂಗಳುಗಟ್ಟಲೆ ಸಮಯ ತಗೊಂಡು ಎರಡೂ ಮೂಳೆ ಕೂಡಿ ಒಂದಾಗಬೇಕು. "ಅಕ್ಕಾರ, ಇದು ಇನ್ನೂ ಕೆಡೋದನ್ನ ನಿಲ್ಲಸ್ಲಿಕ್ಕ ಮಾಡೋ ಆಪರೇಷನ್. ಹೋಗಿದ್ದೆಲ್ಲಾ ತಿರುಗಿ ಬರತದಂತ ಹೇಳಲ್ಲ" ಅಂದರು. ಆ ಮಾತು ಕಹಿಯಾಗಿತ್ತು, ಆದರೆ ಅದನ್ನು ಮೊದಲೇ ಹೇಳಿದ್ದಕ್ಕೆ ಅವರ ಮೇಲೆ ನಂಬಿಕೆ ಬಂತು.

ಆಪರೇಷನ್‌ಗೆ ಮೂರು ವಾರ ಇತ್ತು. ಎಲೆ ಅಡಿಕೆ ಜೊತೆ ತಂಬಾಕು ಹಾಕುವ ರೂಢಿ ನನಗಿತ್ತು. ತಂಬಾಕಿನ ನಿಕೋಟಿನ್ ಇದ್ದರೆ ಮೂಳೆ ಸರಿಯಾಗಿ ಕೂಡುವುದಿಲ್ಲ ಅಂತ ತಿಳಿದ ದಿನವೇ ಬಿಟ್ಟೆ. ಮೊದಲ ವಾರ ತಲೆನೋವು, ಸಿಡಿಮಿಡಿ. ಬಾಯಿಗೆ ಸೋಂಪು ಹಾಕಿಕೊಂಡು ತಡೆದೆ. ಬಿಪಿ ಗುಳಿಗಿ, ನೋವಿನ ಗುಳಿಗಿ ಎಲ್ಲದರ ಹೆಸರನ್ನೂ ಚೀಟಿಯಲ್ಲಿ ಬರೆದು ಒಯ್ದೆ. ಯಾವುದು ನಿಲ್ಲಿಸಬೇಕು, ಯಾವುದು ಆ ದಿನವೂ ತಗೋಬೇಕು ಅಂತ ಡಾಕ್ಟರೇ ಗುರುತು ಹಾಕಿಕೊಟ್ಟರು. ರಕ್ತ ತೆಳುವಾಗಿಸುವ ಗುಳಿಗಿ ತಗೊಳ್ಳುವವರು ಇದನ್ನು ಕೇಳಲು ಮರೆಯಲೇಬಾರದು. ತಾವಾಗಿಯೇ ನಿಲ್ಲಿಸಲೂಬಾರದು.

ಉಳಿದ ದಿನಗಳಲ್ಲಿ ಮನೆ ಸಜ್ಜು ಮಾಡಿದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಆಪರೇಷನ್ ಆಗಿ ಕುತ್ತಿಗೆಗೆ ಪಟ್ಟಿ (ಕಾಲರ್) ಹಾಕಿದ ಮೇಲೆ ಕೆಳಗೆ ನೋಡಲು ಆಗುವುದಿಲ್ಲ, ಮೇಲೆ ಕೈ ಎತ್ತಬಾರದು. ಅದಕ್ಕೆ ಹಿಟ್ಟಿನ ಡಬ್ಬಿ, ತಂಬಿಗೆ, ಗುಳಿಗಿ, ಚಾರ್ಜರ್ ಎಲ್ಲ ಸೊಂಟದಿಂದ ಎದೆಯವರೆಗಿನ ಎತ್ತರಕ್ಕೆ ಬಂದವು. ನೆಲದ ಮೇಲಿನ ಹಾಸಿಗೆ ಬಿಟ್ಟು ಮಂಚ ಹಾಕಿಸಿದೆ. ಕಾಲಿಗೆ ಸಿಗುವ ಚಾಪೆ, ವೈರ್ ತೆಗೆಸಿದೆ. ಕೂತು ಹೋಗಲು ಕಮೋಡ್ ಕುರ್ಚಿ ತರಿಸಿದೆ. ತಲೆಯ ಮೇಲಿಂದ ಹಾಕುವ ನೈಟಿ ಆಗದು ಅಂತ ಮುಂದೆ ತೆರೆಯುವ ಮೂರು ಕಾಟನ್ ನೈಟಿ ಹೊಲಿದೆ. ಬೆರಳಿಗೆ ಗುಂಡಿ ಸಿಗುತ್ತಿರಲಿಲ್ಲವಲ್ಲ, ಟಿಚ್ ಬಟನ್ ಹಚ್ಚಿದೆ. ಹಳೇ ಧೋತರ ಹರಿದು ಪಟ್ಟಿಯ ಒಳಗೆ ಇಡಲು ಮೆತ್ತನೆ ತುಂಡುಗಳನ್ನೂ ಮಾಡಿಟ್ಟೆ. ಗಾಯಕ್ಕೆ ತಾಗದಂತೆ ಇಡಬಹುದು ಅಂತ ಡಾಕ್ಟರನ್ನು ಕೇಳಿಕೊಂಡೇ ಮಾಡಿದ್ದು. ಕಲಬುರಗಿಯ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಕುತ್ತಿಗೆಗೆ ಪಟ್ಟಿ ಕಟ್ಟಿ ಕೂತವರಿಗೆ ಆ ತುಂಡುಗಳ ಬೆಲೆ ಗೊತ್ತು.

ಆಪರೇಷನ್ ಹೈದರಾಬಾದಿನಲ್ಲಿ ಆಯಿತು. ಎಚ್ಚರವಾದಾಗ ಗಾಯಕ್ಕಿಂತ ಬೆನ್ನಿನ ಮೇಲೆ, ಹೆಗಲಿನ ಎರಡು ರೆಕ್ಕೆ ಮೂಳೆಗಳ ನಡುವೆ ಜಾಸ್ತಿ ನೋವಿತ್ತು. ಹೆದರಿದೆ. ಇದು ಬಹಳ ಮಂದಿಗೆ ಆಗುತ್ತದೆ ಅಂತ ನರ್ಸಮ್ಮ ಸಮಾಧಾನ ಹೇಳಿದರು. ಮರುದಿನವೇ ನಡೆಸಿದರು. ಏಳುವ ರೀತಿಯನ್ನೂ ಕಲಿಸಿದರು: ಸೀದಾ ಎದ್ದು ಕೂರಬಾರದು, ದಿಂಡು ಉರುಳಿದಂತೆ ಇಡೀ ಮೈ ಮಗ್ಗುಲಿಗೆ ತಿರುಗಿಸಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು. ವಾಪಸ್ ಬರಲು ಗುಂಡಿ ರಸ್ತೆ ಬೇಡ ಅಂತ ರೈಲಿನ ಕೆಳಗಿನ ಬರ್ತ್ ತಗೊಂಡೆವು. ತಾಂಡೂರು, ಸೇಡಂ, ವಾಡಿ ದಾಟುವಷ್ಟರಲ್ಲಿ ಎರಡು ಸಲ ಎದ್ದು ನಿಂತು ಕೈಕಾಲು ಆಡಿಸಿದೆ.

ಮನೆಗೆ ಬಂದ ಮೂರನೇ ದಿನ ಒಂದು ತಪ್ಪು ಮಾಡಿದೆ. ಖಡಕ್ ರೊಟ್ಟಿ ಆಸೆಯಾಗಿ ಒಂದು ತುಂಡು ಬಾಯಿಗಿಟ್ಟೆ. ಗಂಟಲಲ್ಲಿ ಸಿಕ್ಕಿತು. ಆಪರೇಷನ್ ಹೊತ್ತಿನಲ್ಲಿ ಅನ್ನನಾಳ, ಗಾಳಿನಾಳ ಬದಿಗೆ ಸರಿಸಿರುತ್ತಾರೆ. ಅದಕ್ಕೇ ನುಂಗಲು ಕಷ್ಟ, ದನಿಯೂ ಒಡೆದಿರುತ್ತದೆ. "ಅವ್ವಾ, ನಿನಗ ಈಗ ಅಂಬಲಿನೇ ರೊಟ್ಟಿ" ಅಂತ ಮಗಳು ಗದರಿಸಿದಳು. ಎರಡು ವಾರ ಅಂಬಲಿ, ಜೋಳದ ನುಚ್ಚು, ಮಜ್ಜಿಗೆ, ಬೇಳೆಕಟ್ಟಿನಲ್ಲಿ ಚೆನ್ನಾಗಿ ನೆನೆಸಿದ ರೊಟ್ಟಿ. ತಲೆ ಹಿಂದಕ್ಕೆ ಬಗ್ಗುವುದಿಲ್ಲವಾದ್ದರಿಂದ ನೀರಿಗೆ ಸ್ಟ್ರಾ ಬೇಕೇ ಬೇಕು. ತಟ್ಟೆಯನ್ನು ಟೇಬಲ್ ಮೇಲೆ ಡಬ್ಬಿ ಇಟ್ಟು ಎತ್ತರಿಸಿದೆವು. ಕೆಲವು ನೋವಿನ ಗುಳಿಗಿಯಿಂದ ಮಲ ಕಟ್ಟುತ್ತದೆ, ನೀರು ಜಾಸ್ತಿ ಕುಡಿಯಿರಿ. ಆದರೆ ಕುತ್ತಿಗೆ ಊದಿ ಉಸಿರು ಕಟ್ಟಿದರೆ, ಕೈಕಾಲಿನ ಬಲ ಕುಂದಿದರೆ, ಗಾಯದಿಂದ ಕೀವು ಬಂದರೆ ಮನೆಮದ್ದು ಮಾಡುತ್ತಾ ಕೂರಬಾರದು, ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು.

ಪಟ್ಟಿ ನನಗೆ ಆರು ವಾರ. ಕೆಲವರಿಗೆ ಡಾಕ್ಟರು ಪಟ್ಟಿಯನ್ನೇ ಕೊಡುವುದಿಲ್ಲ, ಹಾಗಾಗಿ ನನ್ನ ಲೆಕ್ಕ ನಿಮಗೆ ಹೊಂದಬೇಕೆಂದಿಲ್ಲ. ಕೊಡ ಎತ್ತುವುದು, ನೆಲ ಒರೆಸುವುದು ಬಿಟ್ಟೇಬಿಟ್ಟೆ. ನಡೆಯುವುದನ್ನು ಮಾತ್ರ ಬಿಡಲಿಲ್ಲ. ಮೊದಲು ಅಂಗಳ, ಆಮೇಲೆ ಓಣಿ, ಒಂದೂವರೆ ತಿಂಗಳಿಗೆ ಬೆಳಿಗ್ಗೆ ಬಿಸಿಲೇರುವ ಮೊದಲೇ ಅಪ್ಪನ ಕೆರೆಯ ದಂಡೆ.

ಮೂರನೇ ತಿಂಗಳ ಎಕ್ಸ್‌ರೇ ನೋಡಿ ದಿನಕ್ಕೆ ಅರ್ಧ ಗಂಟೆ ಹೊಲಿಯಲು ಒಪ್ಪಿಗೆ ಸಿಕ್ಕಿತು. ಮಷಿನ್ ಕಾಲಿನ ಕೆಳಗೆ ಇಟ್ಟಿಗೆ ಇಡಿಸಿ ಎತ್ತರ ಮಾಡಿಸಿದ್ದೇನೆ, ಈಗ ಬಟ್ಟೆ ಕಣ್ಣಿನ ಹತ್ತಿರಕ್ಕೇ ಬರುತ್ತದೆ. ಚಪ್ಪಲಿ ಕಾಲಲ್ಲಿ ನಿಲ್ಲುತ್ತಿದೆ. ಹೆಬ್ಬೆರಳ ತುದಿ ಇನ್ನೂ ಜೋಮು ಇದೆ. ದಾರ ಪೋಣಿಸುವುದನ್ನು ಮಗಳಿಗೆ ಬಿಟ್ಟಿದ್ದೇನೆ, ಶಾಲೆಗೆ ಹೋಗುವ ಮೊದಲು ಐದಾರು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳೆ.