ಭಾಷಣದ ಮೇಲೆ ದೂರು ಕೊಡ್ತೀರಾ? ಮೊದಲು ಪೂರ್ತಿ ಕೇಳಿಸಿಕೊಳ್ಳಿ

ವಕೀಲಿ ಶುರು ಮಾಡಿದ ಹೊಸತರಲ್ಲಿ ಒಬ್ಬ ರಾಜಕಾರಣಿಯ ದ್ವೇಷ ಭಾಷಣದ ಮೇಲೆ ದೂರು ಬರೆದಿದ್ದೆ. ನಾಲ್ಕು ಪುಟ. ಸಂವಿಧಾನ, ಸೌಹಾರ್ದ, ಎಲ್ಲ ತುಂಬಿಸಿದ್ದೆ. ಸ್ಟೇಷನ್ ರೈಟರ್ ಪುಟ ತಿರುವಿ ತಿರುವಿ ನೋಡಿ, 'ಮೇಡಂ, ಅವರು ಹೇಳಿದ್ದೇನು ಅಂತ ಇದರಲ್ಲಿ ಎಲ್ಲಿದೆ?' ಅಂದರು. 'ಪ್ರಚೋದನಕಾರಿಯಾಗಿ ಮಾತನಾಡಿದರು' ಅಂತ ಆರು ಕಡೆ ಬರೆದಿದ್ದೆ. ಆಡಿದ ಮಾತು ಒಂದೂ ಇರಲಿಲ್ಲ.

ಹಾಗಾಗಿ ಈಗ ಯಾರೇ ಬಂದರೂ ಮೊದಲು ಕೇಳುವುದು ಪೂರ್ತಿ ಭಾಷಣವನ್ನು. ವಾಟ್ಸಾಪ್‌ನಲ್ಲಿ ಓಡಾಡುವ ಮೂವತ್ತು ಸೆಕೆಂಡಿನ ತುಣುಕು ಸಾಲದು. ಹಿಂದೆ ಮುಂದೆ ಕತ್ತರಿಸಿರುತ್ತಾರೆ, ಕೆಲವು ಸಲ ದನಿಯನ್ನೇ ಬದಲಿಸಿರುತ್ತಾರೆ. ಪಕ್ಷದವರ ಪುಟದಲ್ಲೋ ಭಾಷಣಕಾರರ ಖಾತೆಯಲ್ಲೋ ಇಡೀ ವಿಡಿಯೊ ಸಿಗಬಹುದು. ಅದನ್ನು ಇಳಿಸಿಕೊಂಡು ಲಿಂಕ್, ಇಳಿಸಿದ ದಿನ, ಹೊತ್ತು ಬರೆದಿಡಿ. ಸಿಟ್ಟಿನಲ್ಲಿ ಅದನ್ನೇ ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ. ಆ ಮಾತನ್ನು ಇನ್ನೂ ನೂರು ಮನೆಗೆ ಮುಟ್ಟಿಸಿದವರು ನೀವೇ ಆಗುತ್ತೀರಿ.

ಆಮೇಲೆ ಕೂತು ಬರೆಯುವ ಕೆಲಸ. ಇದಕ್ಕೆ ಒಂದು ಸಂಜೆಯೇ ಬೇಕು. ಒಮ್ಮೆ ಸುಮ್ನೆ ಕೇಳಿ. ಎರಡನೇ ಸಲ ತಕರಾರಿನ ಮಾತು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಬರುತ್ತದೆ ಅಂತ ಗುರುತು ಹಾಕಿ. ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ಇದ್ದಂತೆಯೇ ಬರೆದುಕೊಳ್ಳಿ. ಅವರು ಆಡುಭಾಷೆಯಲ್ಲಿ ಬೈದಿದ್ದರೆ ಆಡುಭಾಷೆಯಲ್ಲೇ ಇರಲಿ, ತಿದ್ದಬೇಡಿ. ಕೇಳಿಸದ ಕಡೆ 'ಕೇಳಿಸುತ್ತಿಲ್ಲ' ಅಂತಲೇ ಬರೆಯಿರಿ, ಊಹಿಸಿ ತುಂಬಬೇಡಿ. ಒಂದೇ ಒಂದು ಪದ ನಿಮ್ಮದು ಸೇರಿದ್ದರೂ ಎದುರಿನ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. (ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಅನ್ನಿ.) ಮಾತಿಗೆ ಜನ ಏನು ಕೂಗಿದರು, ಅಲ್ಲಿ ಮೊದಲೇ ಗಲಾಟೆಯ ಬಿಸಿ ಇತ್ತಾ, ಸಭೆಯ ನಂತರ ಏನಾಯಿತು, ಇದನ್ನೂ ಸೇರಿಸಿ. ಟಿವಿ ನಿರೂಪಕ ಅಮೀಶ್ ದೇವಗನ್ ಅವರ 2020ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಬರೀ ಪದಗಳನ್ನಲ್ಲ. ಹೇಳಿದವರು ಯಾರು, ಯಾವ ಸಂದರ್ಭ, ಉದ್ದೇಶ ಏನು ಅನ್ನುವುದನ್ನೂ.

ಬರೆದದ್ದನ್ನು ರಾತ್ರಿ ಇಟ್ಟು ಬೆಳಿಗ್ಗೆ ಓದಿ. ಕೆಟ್ಟ ಮಾತೆಲ್ಲ ಅಪರಾಧ ಅಲ್ಲ. ಸರ್ಕಾರವನ್ನು ಬೈದದ್ದು, ಎದುರು ಪಕ್ಷವನ್ನು ಹೀಯಾಳಿಸಿದ್ದು ಇಲ್ಲಿ ಬರುವುದಿಲ್ಲ. ಒಂದು ಸಮುದಾಯದ ಮೇಲೆ ಇನ್ನೊಂದನ್ನು ಎತ್ತಿಕಟ್ಟುವ ಮಾತು ಇರಬೇಕು. ಕವಿ, ರಾಜಕಾರಣಿ ಇಮ್ರಾನ್ ಪ್ರತಾಪಗಢಿ ಅವರ ಪ್ರಕರಣದಲ್ಲಿ ಒಂದು ಕವಿತೆಯ ಮೇಲೆ ಹಾಕಿದ್ದ ಎಫ್‌ಐಆರ್ ಅನ್ನು 2025ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮನಸ್ಸು ಗಟ್ಟಿ ಇರುವವರ ಅಳತೆಯಲ್ಲಿ ಮಾತನ್ನು ತೂಗಬೇಕು ಅಂದಿತು. ಈ ಅಳತೆಗೆ ನಿಲ್ಲದ ದೂರನ್ನು ನಾನು ಬರೆಯುವುದಿಲ್ಲ.

ನಿಂತರೆ, ಕಾನೂನು ಹುಡುಕುವುದು ಸುಲಭ. 2024ರ ಜುಲೈ 1ರಿಂದ ಈಚಿನ ಭಾಷಣವಾದರೆ, ಸಮುದಾಯಗಳ ನಡುವೆ ವೈರ ಬಿತ್ತುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196, 353(2), ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡಿದ್ದರೆ 299. ಅದಕ್ಕೂ ಹಿಂದಿನದಾದರೆ ಹಳೆಯ ಐಪಿಸಿಯ 153ಎ, 505(2), 295ಎ. ಸೆಕ್ಷನ್ ತಪ್ಪಾದರೆ ಏನೂ ಮುಳುಗುವುದಿಲ್ಲ, ಪೊಲೀಸರು ಸರಿಮಾಡಿಕೊಳ್ಳುತ್ತಾರೆ. ಮಾತು ತಪ್ಪಾಗಬಾರದು, ಅಷ್ಟೆ.

ಠಾಣೆಯಲ್ಲಿ 'ನಮ್ಮ ವ್ಯಾಪ್ತಿಗೆ ಬರಲ್ಲ' ಅಂದರೆ ಒಪ್ಪಬೇಡಿ. ದೂರು, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಮಿಂಚಂಚೆಯಲ್ಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. 'ವಿಚಾರಿಸಿ ನೋಡ್ತೀವಿ' ಅನ್ನುವುದಕ್ಕೆ ಮಾತ್ರ ಅವಕಾಶ ಇದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮುಗಿಸಬಹುದು. ಏನೇ ಹೇಳಲಿ, ಕೊಟ್ಟ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ದ್ವೇಷ ಭಾಷಣವಾದರೆ ದೂರೇ ಇಲ್ಲದಿದ್ದರೂ ಪೊಲೀಸರು ತಾವಾಗಿ ಕೇಸು ಹಾಕಬೇಕು ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತ್ತು. ಆ ಮಾತನ್ನು ದೂರಿನ ಕೊನೆಗೆ ಒಂದು ಸಾಲಿನಲ್ಲಿ ನೆನಪಿಸಿ.

ಆದರೂ ಎಫ್‌ಐಆರ್ ಆಗದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟ್. ಅಲ್ಲೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರ ಮುಂದೆ. 'ಸರ್ಕಾರದ ಅನುಮತಿ ಬೇಕಲ್ವಾ?' ಅಂತ ತುಂಬಾ ಜನ ಕೇಳುತ್ತಾರೆ. ಅದು ಬೇಕಾಗುವುದು ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳುವಾಗ, ಎಫ್‌ಐಆರ್ ಹಾಕುವುದಕ್ಕಲ್ಲ. ಕೇಸುಗಳು ಈ ಅನುಮತಿಯ ಕಡತದಲ್ಲೇ ವರ್ಷಗಟ್ಟಲೆ ಕೂರುವುದೂ ಉಂಟು.

ಇನ್ನೊಂದು. ಭಾಷಣವನ್ನು ನೀವೇ ರೆಕಾರ್ಡ್ ಮಾಡಿದ್ದರೆ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಪೆನ್‌ಡ್ರೈವ್ ಪ್ರತಿ ಕೊಡುವಾಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ಪರಿಣತರದು, ಜೊತೆಗೆ ಕಡತದ ಹ್ಯಾಶ್ ಸಂಖ್ಯೆ, ಅಂದರೆ ವಿಡಿಯೊ ಬದಲಾಗಿಲ್ಲ ಅಂತ ತೋರಿಸುವ ಅದರ ಬೆರಳಚ್ಚು. ನನ್ನ ಒಬ್ಬ ಕಕ್ಷಿದಾರರು ಹಳೇ ಫೋನು ಕೊಟ್ಟು ಹೊಸದು ತಗೊಂಡು ಬಂದು ಖುಷಿಯಿಂದ ತೋರಿಸಿದ್ದರು. ಅಸಲು ವಿಡಿಯೊ ಹಳೇ ಫೋನಿನಲ್ಲಿತ್ತು.