ಗಲ್ಲಾದ ಪಕ್ಕ ಆಮೋಸನ ಪುಸ್ತಕ

ನಮ್ಮದು ಸಣ್ಣ ಕಿರಾಣಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಬೈಬಲಿನ ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದುತ್ತೇನೆ. ರಾತ್ರಿ ಲೆಕ್ಕ ಬರೆಯುವಾಗ ಬೈಬಲಿನ ಪ್ರವಾದಿಗಳಲ್ಲಿ ಒಬ್ಬರ ಪುಸ್ತಕ ತೆರೆದಿರುತ್ತದೆ. ಎರಡೂ ಒಟ್ಟಿಗೆ ಇರಬೇಕು ಅನ್ನೋದು ನನ್ನ ಅನುಭವ. ಕೀರ್ತನೆ ನನ್ನ ಮಾತನ್ನು ದೇವರ ಹತ್ತಿರ ಒಯ್ಯುತ್ತದೆ. ಪ್ರವಾದಿ ದೇವರ ಮಾತನ್ನು ನನ್ನ ಗಲ್ಲಾದ ತನಕ ತರುತ್ತಾನೆ.

ನಮ್ಮ ಚರ್ಚಿನ ಸಭೆಗಳಲ್ಲಿ 23, 91, 121ನೇ ಕೀರ್ತನೆಗಳು ಸುಮಾರು ಜನರಿಗೆ ಬಾಯಿಪಾಠ. ನಾನು ಬೇಕಾದ್ದನ್ನು ಆರಿಸಿಕೊಳ್ಳುವುದನ್ನು ಬಿಟ್ಟೆ. 1ರಿಂದ 150ರವರೆಗೆ ಸರದಿ ಪ್ರಕಾರ ಓದತೊಡಗಿದೆ. ಅಳು, ಸಿಟ್ಟು, ದೂರು, ಎಲ್ಲ ಅದರಲ್ಲಿದೆ. 13ನೇ ಕೀರ್ತನೆ ‘ಇನ್ನೂ ಎಲ್ಲಿಯ ತನಕ’ ಅಂತ ಕೇಳುತ್ತಾ ಶುರುವಾದರೂ ಆರನೇ ವಚನಕ್ಕೆ ಹಾಡಿಗೆ ತಿರುಗುತ್ತದೆ. 88 ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅವ್ವ ಹಾಸಿಗೆ ಹಿಡಿದಾಗ ನೋಡಲು ಬಂದವರೆಲ್ಲ “ಅಳಬೇಡ, ನಂಬಿಕೆ ಇಡು” ಅನ್ನುತ್ತಿದ್ದರು. ಒಂದು ಸಂಜೆ ಮಂಚದ ಪಕ್ಕ ಕೂತು 88 ಓದಿದೆ. ಅವ್ವ “ಇನ್ನೊಮ್ಮೆ ಓದಪ್ಪಾ” ಅಂದಳು. ದೇವರ ಮುಂದೆ ಹೀಗೂ ಮಾತಾಡಬಹುದು. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಮಾತನ್ನೇ ಅಲ್ವಾ?

ವ್ಯಾಪಾರದಲ್ಲಿ ಒಬ್ಬ ಗೆಳೆಯ ಕೈಕೊಟ್ಟಾಗ 55 ಒದಗಿ ಬಂತು. ಭಾರವನ್ನು ಯೆಹೋವನ ಮೇಲೆ ಹಾಕು ಅನ್ನುವ ವಚನ ಎಷ್ಟೋ ಮನೆಗಳ ಗೋಡೆ ಮೇಲಿದೆ. ಅದು ಬರುವುದು ಈ ಕೀರ್ತನೆಯಲ್ಲೇ. ಜೊತೆಗೆ ದೇವಾಲಯಕ್ಕೆ ನಡೆದು ಬಂದ ಸ್ನೇಹಿತನೇ ದ್ರೋಹ ಮಾಡಿದ ಅಂತ ಇಲ್ಲಿ ದಾವೀದ ಗೋಳಾಡುತ್ತಾನೆ. ನನ್ನ ಸಿಟ್ಟನ್ನೆಲ್ಲ ಅಲ್ಲೇ ಸುರಿದೆ. ಪೇಟೆಯಲ್ಲಿ ಅವನ ಬಗ್ಗೆ ಆಡಿಕೊಳ್ಳುವ ಆಸೆ ಉಳಿಯಲಿಲ್ಲ.

ಪ್ರವಾದಿಗಳನ್ನು ಮಾತ್ರ ಒಂದೊಂದೇ ವಚನ ಕಿತ್ತು ಓದಬಾರದು. ಹೊಸ ವರ್ಷದ ವಾಗ್ದಾನ ಕಾರ್ಡಿನಲ್ಲಿ ಯೆರೆಮೀಯ 29:11 ಜಾಸ್ತಿ ಬರುತ್ತದೆ. ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ ಅನ್ನುವ ಮಾತು. ಇಡೀ ಅಧ್ಯಾಯ ಓದಿ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹನನ್ಯ ಅನ್ನುವ ಸುಳ್ಳು ಪ್ರವಾದಿ ಹೇಳಿದ್ದ. ಯೆರೆಮೀಯ 70 ವರ್ಷ ಅಂದ. ಕಾಗದ ಓದಿಸಿಕೊಂಡ ಎಷ್ಟೋ ಜನ ಬದುಕಿರುವಾಗ ಊರಿಗೆ ಮರಳುವಂತಿರಲಿಲ್ಲ. ಅವರಿಗೆ ಸಿಕ್ಕ ಅಪ್ಪಣೆ ಇಷ್ಟು: ಮನೆ ಕಟ್ಟಿ, ತೋಟ ಹಾಕಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ. ಆಮೇಲಿಂದ ನಾನು ನಮ್ಮ ಓಣಿಯವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತೇನೆ. ಎದುರಿನ ಅಂಗಡಿಯವರದ್ದೂ ಸೇರಿ.

ಅಂಗಡಿಯವನಿಗೆ ಎಲ್ಲರಿಗಿಂತ ಹತ್ತಿರದವನು ಪ್ರವಾದಿ ಆಮೋಸ. ತೆಕೋವ ಅನ್ನುವ ಊರಿನ ಕುರುಬ, ಅತ್ತಿಮರ ನೋಡಿಕೊಳ್ಳುತ್ತಿದ್ದವನು. ಇಸ್ರಾಯೇಲಿನ ಅರಸ ಎರಡನೇ ಯಾರೊಬ್ಬಾಮನ ಕಾಲದಲ್ಲಿ, ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದಾಗ, ಅಲ್ಲಿನ ಪೂಜಾಸ್ಥಳ ಬೇತೇಲಿಗೆ ಹೋಗಿ ಮಾತಾಡಿದ. 8ನೇ ಅಧ್ಯಾಯದಲ್ಲಿ ಅವನು ಬೈಯುವುದು ವಾರದ ವಿಶ್ರಾಂತಿ ದಿನವಾದ ಸಬ್ಬತ್ತು ಯಾವಾಗ ಮುಗಿಯುತ್ತದೋ ಅಂತ ಕಾಯುವ ವ್ಯಾಪಾರಿಗಳನ್ನು. ಅಳತೆ ಕಿರಿದು, ಬೆಲೆ ಹಿರಿದು, ತಕ್ಕಡಿ ಸುಳ್ಳು, ಮಾರುವ ಗೋಧಿಯಲ್ಲಿ ಕಸ. ಇದನ್ನು ಓದಿದ ಮೇಲೆ ಅಂಗಡಿಯಲ್ಲಿ ಕಣ್ಣು ಹೋಗುವ ಜಾಗ ಬೇರೆಯಾಗುತ್ತದೆ. ಈಗ ತಕ್ಕಡಿ ಮೇಲೆ ಮೊದಲು ಖಾಲಿ ಕವರ್ ಇಟ್ಟು, ಸೊನ್ನೆ ಮಾಡಿ, ಆಮೇಲೆ ಬೇಳೆ ಸುರಿಯುತ್ತೇವೆ. ಸಂಖ್ಯೆ ಗಿರಾಕಿಗೆ ಕಾಣುವ ಹಾಗೆ ಯಂತ್ರವನ್ನು ತಿರುಗಿಸಿ ಇಟ್ಟಿದ್ದೇವೆ. ಚೀಲದ ತಳದ ನುಚ್ಚು, ಧೂಳನ್ನು ಜರಡಿ ಹಿಡಿದು ಬೇರೆ ಇಡುತ್ತೇವೆ. ಅದು ದನಕ್ಕೆ ಹೋಗುತ್ತದೆ. ಉದ್ರಿ ತಗೊಳ್ಳುವವರಿಗೂ ರೊಕ್ಕ ಕೊಡುವವರಿಗೂ ಒಂದೇ ರೇಟು. ಲಾಭ ಸ್ವಲ್ಪ ಕಡಿಮೆಯಾಗಿದೆ, ನಿಜ. ಆದರೆ ಭಾನುವಾರ ಚರ್ಚಿನಲ್ಲಿ ಹಾಡುವಾಗ ಗಂಟಲು ಕಟ್ಟುವುದಿಲ್ಲ. ನ್ಯಾಯ ಇಲ್ಲದ ಕಡೆ ನಿಮ್ಮ ಹಾಡಿನ ಗದ್ದಲ ನನಗೆ ಬೇಡ ಅಂತ 5ನೇ ಅಧ್ಯಾಯದಲ್ಲಿ ದೇವರೇ ಹೇಳಿದ್ದಾನಲ್ಲ.

ಹೊಸದಾಗಿ ಶುರು ಮಾಡುವವರಿಗೆ ಪ್ರವಾದಿ ಹಬಕ್ಕೂಕನ ಪುಸ್ತಕ ಸುಲಭ, ಮೂರೇ ಅಧ್ಯಾಯ. ನಾವೀಗ ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮನೆಮಂದಿಯೆಲ್ಲ ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಓದುತ್ತಿದ್ದೇವೆ. ಉಪವಾಸದ ದಿನವೇ ಆಳುಗಳನ್ನು ಹಿಂಡುತ್ತೀರಿ ಅಂತ ಅಲ್ಲಿ ಗದರಿಕೆ ಇದೆ. ಅದಕ್ಕೇ ಶುಕ್ರವಾರ ಅಂಗಡಿ ಹುಡುಗನನ್ನು ಸಂಜೆ ಬೇಗ ಮನೆಗೆ ಕಳಿಸುತ್ತೇವೆ, ಸಂಬಳ ಮುರಿಯುವುದಿಲ್ಲ. ಹಸಿದವರಿಗೆ ಅನ್ನ ಹಂಚು ಅನ್ನುವ ಭಾಗ ಓದಿದ ರಾತ್ರಿ ನನ್ನ ಹೆಂಡತಿ ಉದ್ರಿ ಪುಸ್ತಕ ತೆಗೆದಳು. ಉಪವಾಸದಲ್ಲಿ ಉಳಿದ ರೊಕ್ಕಕ್ಕೆ ಯಾರ ಬಾಕಿ ಹೊಡೆದುಹಾಕಬಹುದು ಅಂತ ನೋಡುತ್ತಿದ್ದೇವೆ.